ತುತ್ತು ಎಣಿಸುವ ಓಟಗಾರ್ತಿ

ತಾಯಿಯೊಬ್ಬರು ನಾಲ್ಕು ಪುಟಗಳ ಕಾಗದ ಬರೆದಿದ್ದಾರೆ. ಹೆಸರು, ಊರು ಬೇಡ. ಮಗಳಿಗೆ ಹದಿನೈದು ವರ್ಷ. 800 ಮತ್ತು 1500 ಮೀಟರ್ ಓಟದಲ್ಲಿ ತಾಲ್ಲೂಕು ಗೆದ್ದು ಜಿಲ್ಲಾ ಮಟ್ಟಕ್ಕೆ ಹೋಗಿಬಂದವಳು. ಬೆಳಿಗ್ಗೆ ಐದೂವರೆಗೆ ಮೈದಾನ, ಸಂಜೆ ಶಾಲೆ ಬಿಟ್ಟ ಮೇಲೆ ಮತ್ತೆ ಮೈದಾನ. ಓದಿನಲ್ಲೂ ಮುಂದು. ಏಳೆಂಟು ತಿಂಗಳ ಹಿಂದೆ ಯಾರೋ ‘ಇನ್ನೆರಡು ಕಿಲೊ ಇಳಿದರೆ ಇನ್ನೂ ಚೆನ್ನಾಗಿ ಓಡ್ತೀಯ’ ಅಂದರಂತೆ. ಅಂದಿನಿಂದ ತಟ್ಟೆಯ ಮುಂದೆ ಕೂತರೆ ಲೆಕ್ಕ. ದೋಸೆಗೆ ಎಷ್ಟು ಚಮಚ ಎಣ್ಣೆ ಹಾಕಿದೆ? ಚಪಾತಿ ಎಷ್ಟು ಗ್ರಾಂ? ಸಾರಿನ ಒಗ್ಗರಣೆಯನ್ನು ಬದಿಗೆ ಸರಿಸುತ್ತಾಳೆ. ತಿಂದದ್ದನ್ನೆಲ್ಲ ಫೋನಿನಲ್ಲಿ ಬರೆದಿಡುತ್ತಾಳೆ. ದಿನಕ್ಕೆ 1200 ದಾಟುವಂತಿಲ್ಲ. ಯುಗಾದಿಯ ದಿನ ಅಜ್ಜಿಯ ಬಲವಂತಕ್ಕೆ ಅರ್ಧ ಒಬ್ಬಟ್ಟು ತಿಂದವಳು ಸಂಜೆ ಮೈದಾನದಲ್ಲಿ ಆರು ಸುತ್ತು ಹೆಚ್ಚಿಗೆ ಓಡಿ ಬಂದಳಂತೆ. ಇನ್ನೊಂದು ವಿಚಿತ್ರವನ್ನೂ ಅವರು ಬರೆದಿದ್ದಾರೆ. ರಾತ್ರಿ ಹೊತ್ತು ಅಡುಗೆಯ ವಿಡಿಯೊಗಳನ್ನು ಗಂಟೆಗಟ್ಟಲೆ ನೋಡುತ್ತಾಳೆ. ತಮ್ಮನಿಗೆ ಕೇಕು, ಪಲ್ಯ, ಪರೋಟ ಅಂತ ಮಾಡಿ ಬಡಿಸುತ್ತಾಳೆ, ಅವನು ತಿನ್ನುವುದನ್ನು ನೋಡುತ್ತ ಕೂರುತ್ತಾಳೆ, ತಾನು ಮಾತ್ರ ಮುಟ್ಟುವುದಿಲ್ಲ.

‘ಅವರಪ್ಪ ಇದನ್ನು ಶಿಸ್ತು ಅಂತಾರೆ. ನನಗೆ ಭಯ ಆಗುತ್ತೆ ಮೇಷ್ಟ್ರೇ. ನಾನು ಏನಾದರೂ ಹೇಳಿದರೆ, ನಿನಗೆ ಗೊತ್ತಿಲ್ಲ ಸುಮ್ನಿರಮ್ಮ ಅಂತಾಳೆ. ಕ್ಯಾಲೊರಿ ಅಂದರೆ ಏನು ಅಂತ ನೀವಾದರೂ ನಿಮ್ಮ ಅಂಕಣದಲ್ಲಿ ಸರಿಯಾಗಿ ಬರೆಯಿರಿ, ಓದುತ್ತಾಳೆ.’

ಬರೆಯೋಣ. ಆದರೆ ಅದಕ್ಕೆ ಮೊದಲು ಒಂದು ಮಾತು: ಈ ತಾಯಿಯ ಭಯ ಸರಿಯಾದ ಭಯ. ಕಾಗದದ ಮೂರನೆಯ ಪುಟದಲ್ಲಿ, ಬೇರೆ ಏನೋ ಹೇಳುವಾಗ, ಮಗಳ ಮುಟ್ಟು ನಾಲ್ಕು ತಿಂಗಳಿಂದ ನಿಂತಿದೆ ಎಂದು ಒಂದೇ ಸಾಲಿನಲ್ಲಿ ಬರೆದಿದ್ದಾರೆ. ನನ್ನ ಮಟ್ಟಿಗೆ ಇಡೀ ಕಾಗದದಲ್ಲಿ ಮುಖ್ಯವಾದ ಸಾಲು ಅದೇ.

ಇನ್ನು ಪಾಠ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಬೇಕಾದ ಶಾಖ ಒಂದು ಕ್ಯಾಲೊರಿ. ಆಹಾರದ ವಿಷಯದಲ್ಲಿ ನಾವು ಕ್ಯಾಲೊರಿ ಎಂದು ಬಾಯಿಮಾತಿಗೆ ಹೇಳುವುದು ಅದರ ಸಾವಿರ ಪಟ್ಟು, ಅಂದರೆ ಕಿಲೊಕ್ಯಾಲೊರಿ. ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಇದನ್ನು ತೋರಿಸಲು ಕಡಲೆಕಾಯಿ ಬೀಜಕ್ಕಿಂತ ಒಳ್ಳೆಯ ವಸ್ತು ಇಲ್ಲ. ಒಂದು ಬೀಜವನ್ನು ಸೂಜಿಗೆ ಚುಚ್ಚಿ, ಬೆಂಕಿ ಹೊತ್ತಿಸಿ, 20 ಮಿಲಿಲೀಟರ್ ನೀರಿರುವ ಪ್ರನಾಳದ ಕೆಳಗೆ ಹಿಡಿಯಬೇಕು. ಬೀಜ ಎಣ್ಣೆಯ ದೀಪದಂತೆ ಉರಿಯುತ್ತದೆ, ಥರ್ಮಾಮೀಟರಿನ ಪಾದರಸ ಏರುತ್ತದೆ, ಮಕ್ಕಳು ಕೇಕೆ ಹಾಕುತ್ತಾರೆ. ಆಮೇಲೆ ಲೆಕ್ಕ ಹಾಕಿದರೆ ಒಂದೊಂದು ಬೆಂಚಿನ ಉತ್ತರ ಒಂದೊಂದು ಥರ. ಒಬ್ಬರದು ಇನ್ನೊಬ್ಬರ ಎರಡರಷ್ಟು. ಅರ್ಧಕ್ಕಿಂತ ಹೆಚ್ಚು ಶಾಖ ಗಾಳಿಗೆ ಹೋಗಿರುತ್ತದೆ, ಮಸಿಯಾಗಿ ಪ್ರನಾಳಕ್ಕೆ ಮೆತ್ತಿರುತ್ತದೆ. ಮೂವತ್ತು ವರ್ಷಕ್ಕೆ ಹತ್ತಿರ ಈ ಪ್ರಯೋಗ ಮಾಡಿಸಿದ್ದೇನೆ, ಎರಡು ಬೆಂಚುಗಳ ಉತ್ತರ ಒಂದೇ ಬಂದದ್ದು ನೋಡಿಲ್ಲ. ಬಂದರೆ ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದಿದ್ದಾರೆ ಎಂದೇ ಅರ್ಥ.

ದೊಡ್ಡ ಪ್ರಯೋಗಾಲಯಗಳಲ್ಲಿ ಶಾಖ ಸೋರದ ಹಾಗೆ ಅಳೆಯುತ್ತಾರೆ, ನಿಜ. ಆದರೆ ದೇಹ ಒಲೆಯಲ್ಲವಲ್ಲ. ತಿಂದದ್ದರಲ್ಲಿ ದೇಹಕ್ಕೆ ಸೇರುವುದೆಷ್ಟು? ಇದನ್ನು ಪಟ್ಟುಹಿಡಿದು ಅಳೆದವರು ಅಮೆರಿಕದ ವಿಲ್ಬರ್ ಅಟ್‌ವಾಟರ್. 1890ರ ದಶಕದಲ್ಲಿ ಕನೆಕ್ಟಿಕಟ್ ರಾಜ್ಯದ ಮಿಡ್ಲ್‌ಟೌನ್‌ನಲ್ಲಿ ಅವರೂ ಸಂಗಡಿಗರೂ ಒಂದು ಕೋಣೆ ಕಟ್ಟಿಸಿದರು. ಅದರೊಳಗೆ ಮನುಷ್ಯ ದಿನಗಟ್ಟಲೆ ಇರಬೇಕು, ಉಣ್ಣಬೇಕು, ಮಲಗಬೇಕು. ಅವನು ಉಂಡದ್ದು, ಉಸಿರು, ಮೈಯಿಂದ ಹೊರಬಂದ ಶಾಖ, ಮಲಮೂತ್ರ ಎಲ್ಲವನ್ನೂ ಹೊರಗಿನವರು ಅಳೆಯುತ್ತಿದ್ದರು. ಒಂದು ಗ್ರಾಂ ಪಿಷ್ಟಕ್ಕೆ 4, ಪ್ರೋಟೀನಿಗೆ 4, ಕೊಬ್ಬಿಗೆ 9 ಕಿಲೊಕ್ಯಾಲೊರಿ ಎಂಬ ಸರಾಸರಿ ಬಂದದ್ದು ಇಂಥ ಕೆಲಸದಿಂದ. ಬಿಸ್ಕತ್ತಿನ ಪೊಟ್ಟಣದ ಮೇಲೆ ಇವತ್ತಿಗೂ ಅಚ್ಚಾಗುವ ಅಂಕಿಗಳ ಹಿಂದೆ ಇರುವುದು ಬಹುಮಟ್ಟಿಗೆ ಇದೇ ಸರಾಸರಿ. ಅಟ್‌ವಾಟರ್ ಇಷ್ಟೆಲ್ಲ ಪಾಡುಪಟ್ಟದ್ದು ಯಾರನ್ನೂ ತೆಳ್ಳಗೆ ಮಾಡಲಿಕ್ಕಲ್ಲ. ಕೂಲಿಗಾರರ ಮನೆಗೆ ಬರುವ ಕಡಿಮೆ ದುಡ್ಡಿನಲ್ಲಿ ಹೊಟ್ಟೆತುಂಬ ಪುಷ್ಟಿಯಾದ ಊಟ ಹೇಗೆ ಸಿಕ್ಕೀತು ಎಂಬುದು ಅವರಿಗಿದ್ದ ದೊಡ್ಡ ಕಾಳಜಿಗಳಲ್ಲಿ ಒಂದು. ಹೆಚ್ಚು ಕ್ಯಾಲೊರಿ ಎಂದರೆ ಆಗ ಒಳ್ಳೆಯ ಸುದ್ದಿ! ಅದನ್ನು ತಿರುಗಿಸಿ, ಊಟವನ್ನು ಕ್ಯಾಲೊರಿಯಲ್ಲೇ ಎಣಿಸಿ ಮೈ ಇಳಿಸಿಕೊಳ್ಳಿ ಎಂದು ಮನೆಮನೆಗೆ ಕಲಿಸಿದ್ದು 1918ರಲ್ಲಿ ಲುಲು ಹಂಟ್ ಪೀಟರ್ಸ್ ಎಂಬ ಅಮೆರಿಕದ ವೈದ್ಯೆ ಬರೆದ ಪುಸ್ತಕ. ಅದು ಭಾರಿ ಮಾರಾಟವಾಯಿತು. ಅದು ಕೂಡ ದಪ್ಪಗಿರುವ ದೊಡ್ಡವರಿಗಾಗಿ ಬರೆದದ್ದೇ ಹೊರತು ಓಡುವ ಮಕ್ಕಳಿಗಲ್ಲ.

ಸರಾಸರಿ ಎಂದೆ. ಸರಾಸರಿ ಎಷ್ಟು ಎಡವಬಹುದು ಎನ್ನುವುದಕ್ಕೆ ಬಾದಾಮಿ ನೋಡಿ. ಹಳೆಯ ಲೆಕ್ಕದ ಪ್ರಕಾರ 28 ಗ್ರಾಂ ಬಾದಾಮಿಯಲ್ಲಿ ಸುಮಾರು 170 ಕಿಲೊಕ್ಯಾಲೊರಿ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಜನರಿಗೆ ಇಡೀ ಬಾದಾಮಿ ತಿನ್ನಿಸಿ ಅಳೆದು 2012ರಲ್ಲಿ ಪ್ರಕಟಿಸಿದ ಉತ್ತರ 129. ಅಗಿದ ಮೇಲೂ ಒಡೆಯದೆ ಉಳಿದ ಜೀವಕೋಶಗಳೊಳಗಿನ ಕೊಬ್ಬು ಜೀರ್ಣವಾಗದೆ ಹೊರಹೋಗುತ್ತದೆ. ಇದು ಒಳಬರುವ ಲೆಕ್ಕದ ಗತಿ. ಖರ್ಚಿನ ಲೆಕ್ಕ ಇನ್ನೂ ಚೆಂದ. ಕೈಗೆ ಕಟ್ಟುವ ಏಳು ಬಗೆಯ ಯಂತ್ರಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಪರೀಕ್ಷಿಸಿದರು. ನಾಡಿಮಿಡಿತವನ್ನು ಹೆಚ್ಚಿನವು ಚೆನ್ನಾಗಿಯೇ ಹೇಳಿದವು. ಕರಗಿದ ಕ್ಯಾಲೊರಿ ವಿಷಯದಲ್ಲಿ ಮಾತ್ರ ಎಲ್ಲಕ್ಕಿಂತ ಒಳ್ಳೆಯದೆನಿಸಿದ ಯಂತ್ರವೇ ಸರಾಸರಿ ನೂರಕ್ಕೆ 27ರಷ್ಟು ತಪ್ಪು, ಕೊನೆಯದು 93ರಷ್ಟು. ಅರ್ಧ ಒಬ್ಬಟ್ಟಿಗೆ ಆರು ಸುತ್ತು ಎಂದು ಕೂಡಿ ಕಳೆದ ಈ ಹುಡುಗಿಯ ಲೆಕ್ಕದ ಎರಡೂ ಪಕ್ಕ ಹೀಗೆ ಅಲುಗಾಡುವ ಅಂಕಿಗಳು. ಹತ್ತನೆಯ ತರಗತಿಯ ರೆಕಾರ್ಡ್ ಪುಸ್ತಕದಲ್ಲಿ ಇಷ್ಟು ತಪ್ಪಿದ್ದರೆ ನಾನು ಸಹಿ ಹಾಕುವುದಿಲ್ಲ.

ಇನ್ನು ಆ 1200. ತೂಕ ಇಳಿಸಲು ಹೊರಟ ದೊಡ್ಡವರ ಪಥ್ಯಗಳಲ್ಲಿ ಕಾಣಿಸುವ ಸಂಖ್ಯೆ ಅದು. 45 ಕಿಲೊ ತೂಗುವ ಹದಿನೈದರ ಹುಡುಗಿ ಬೆಳಗಿನಿಂದ ರಾತ್ರಿಯವರೆಗೆ ಚಾಪೆ ಬಿಟ್ಟು ಏಳದಿದ್ದರೂ ಅವಳ ಹೃದಯ, ಮಿದುಳು, ಯಕೃತ್ತು, ಮೂತ್ರಪಿಂಡ ನಡೆಯಲು ಸುಮಾರು 1300 ಬೇಕು. ಭೌತವಿಜ್ಞಾನದ ಭಾಷೆಯಲ್ಲಿ ಹೇಳುವುದಾದರೆ ಅದು ಹಳೆಯ ಕಾಲದ 60 ವ್ಯಾಟ್ ಬಲ್ಬೊಂದು ಹಗಲೂ ರಾತ್ರಿ ಉರಿದ ಹಾಗೆ. ಇದಾದ ಮೇಲೆ ನಡೆಯುವುದು, ಓದುವುದು, ಬೆಳೆಯುವುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪಟ್ಟಿಯ ಪ್ರಕಾರ 13ರಿಂದ 15 ವಯಸ್ಸಿನ ಹುಡುಗಿಗೆ ದಿನಕ್ಕೆ 2400, ಹುಡುಗನಿಗೆ 2860. ಗಮನಿಸಿ, ಕೂತು ಕೆಲಸ ಮಾಡುವ ವಯಸ್ಕ ಹೆಂಗಸಿಗೆ ಅದೇ ಪಟ್ಟಿ ಹೇಳುವುದು 1660. ಅಂದರೆ ತಾಯಿಗಿಂತ ಮಗಳು ಹೆಚ್ಚು ಉಣ್ಣಬೇಕು. ಎರಡು ಹೊತ್ತು ಓಡುವವಳಾದರೆ ಇನ್ನೂ ಹೆಚ್ಚು. ಈ ಅಂಕಿಗಳನ್ನು ನಾನು ಹೇಳಿದ್ದು ಪೋಷಕರ ಕಣ್ಣಿಗೆ ಬೀಳಲಿ ಎಂದು. ಮಕ್ಕಳು ಇದನ್ನು ಫೋನಿಗೆ ಏರಿಸಿಕೊಳ್ಳುವ ಅಗತ್ಯವಿಲ್ಲ.

ಪಾಠ ಇಲ್ಲಿಗೆ ಮುಗಿಯಿತು. ಇದನ್ನು ಓದಿ ಆ ಹುಡುಗಿ ನಾಳೆ ಬೆಳಿಗ್ಗೆ ಎರಡು ದೋಸೆ ಹೆಚ್ಚಿಗೆ ತಿನ್ನುತ್ತಾಳೆಯೆ? ಇಲ್ಲ. ಅವಳಿಗೆ ನನಗಿಂತ ಹೆಚ್ಚು ಅಂಕಿಗಳು ಬಾಯಿಪಾಠ ಇರುತ್ತವೆ. ಇದು ಲೆಕ್ಕ ಬಾರದ್ದರಿಂದ ಹುಟ್ಟಿದ ಭಯವಲ್ಲ. ಲೆಕ್ಕ ತಿದ್ದಿದರೆ ಹೋಗುವಂಥದ್ದೂ ಅಲ್ಲ. ಹಾಗಾದರೆ ಇದು ಎಲ್ಲಿಂದ ಬರುತ್ತದೆ? ಅಷ್ಟಿಷ್ಟು ಸ್ವಭಾವ, ಅಷ್ಟಿಷ್ಟು ಸುತ್ತಲಿನವರ ಮಾತು, ಕನ್ನಡಿ, ಫೋನು. ಆದರೆ ಹಸಿವೇ ಈ ಭಯವನ್ನು ಸಾಕಿ ದೊಡ್ಡದು ಮಾಡುತ್ತದೆ ಎನ್ನುವುದು ಬಹಳ ಪೋಷಕರಿಗೆ ತಿಳಿಯದು. ತಮ್ಮನಿಗೆ ಅಡುಗೆ ಮಾಡಿ ಬಡಿಸುವ ವಿಚಿತ್ರಕ್ಕೂ ಉತ್ತರ ಅಲ್ಲಿಯೇ ಇದೆ.

ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1945ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ಶರೀರವಿಜ್ಞಾನಿ ಒಂದು ಪ್ರಯೋಗ ಮಾಡಿದರು. ಯುದ್ಧದಿಂದ ಹಸಿದು ಕಂಗಾಲಾದ ಯೂರೋಪಿನ ಜನಕ್ಕೆ ಮತ್ತೆ ಊಟ ಕೊಟ್ಟು ಚೇತರಿಸುವುದು ಹೇಗೆ ಎಂದು ತಿಳಿಯಬೇಕಿತ್ತು. ಕೋವಿ ಹಿಡಿಯಲು ಒಪ್ಪದ 36 ಮಂದಿ ಆರೋಗ್ಯವಂತ ತರುಣರು ತಾವಾಗಿ ಮುಂದೆ ಬಂದರು. 24 ವಾರ ಅವರಿಗೆ ದಿನಕ್ಕೆ ಸುಮಾರು 1600 ಕಿಲೊಕ್ಯಾಲೊರಿಯಷ್ಟೇ ಊಟ: ಆಲೂಗಡ್ಡೆ, ಟರ್ನಿಪ್, ಬ್ರೆಡ್ಡು ಇಂಥವು. ವಾರಕ್ಕೆ 22 ಮೈಲಿ ನಡೆಯಬೇಕು. ಇದರಲ್ಲಿ ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಅದು ನಿರೀಕ್ಷಿಸಿದ್ದೇ.

ನಿರೀಕ್ಷಿಸದೇ ಇದ್ದದ್ದು ಮನಸ್ಸಿನ ಬದಲಾವಣೆ. ತೂಕದ ಚಿಂತೆಯಾಗಲಿ, ಕನ್ನಡಿಯ ಗೀಳಾಗಲಿ ಇಲ್ಲದಿದ್ದ ಈ ಗಂಡಸರು ಹಗಲಿಡೀ ಊಟದ ಬಗ್ಗೆಯೇ ಮಾತಾಡತೊಡಗಿದರು. ಕೆಲವರು ಅಡುಗೆ ಪುಸ್ತಕಗಳನ್ನು ಸಂಗ್ರಹಿಸಿ ಓದಿದರು. ತಟ್ಟೆಯಲ್ಲಿದ್ದ ಚೂರನ್ನು ಗಂಟೆಗಟ್ಟಲೆ ಎಳೆದಾಡಿ ತಿಂದರು. ಗೆಳೆಯರಿಂದ ದೂರವಾದರು, ಸಿಡುಕು ಹೆಚ್ಚಿತು, ಬೇಸಿಗೆಯಲ್ಲೂ ಚಳಿ ಚಳಿ ಎಂದರು. ಹಸಿದ ಮಿದುಳು ಬೇರೆ ಯಾವುದನ್ನೂ ಯೋಚಿಸಲು ಬಿಡಲಿಲ್ಲ. ತಮ್ಮನ ತಟ್ಟೆ ನೋಡುತ್ತ ಕೂರುವ ಹುಡುಗಿಗೂ ಆ ಮೂವತ್ತಾರು ಮಂದಿಗೂ ಏನು ವ್ಯತ್ಯಾಸ? ಅವರಿಗೆ ತಾವು ಹಸಿದಿದ್ದೇವೆ ಎಂದು ಗೊತ್ತಿತ್ತು. ಇವಳು ತನ್ನ ಮನಸ್ಸು ಸದಾ ತಿಂಡಿಯ ಸುತ್ತ ಸುತ್ತುವುದನ್ನು ಕಂಡು ‘ನನಗೆ ಹಿಡಿತ ಇಲ್ಲ, ಇನ್ನೂ ಬಿಗಿ ಮಾಡಬೇಕು’ ಎಂದುಕೊಳ್ಳುತ್ತಿದ್ದಾಳೆ. ಬಿಗಿ ಮಾಡಿದಷ್ಟೂ ಸುತ್ತುವುದು ಹೆಚ್ಚುತ್ತದೆ.

ಮಿನೆಸೋಟದವರ ನಾಡಿಮಿಡಿತವೂ ಬಹಳ ಇಳಿದಿತ್ತು. ಇದನ್ನು ಬೇರೆಯಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ. ಚೆನ್ನಾಗಿ ತರಬೇತಾದ ಓಟಗಾರರ ನಾಡಿಯೂ ನಿಧಾನ. ಹಾಗಾಗಿ ನಿಮಿಷಕ್ಕೆ 45 ಎಂದು ತೋರಿಸಿದರೆ ‘ನೋಡಿ, ನಮ್ಮ ಹುಡುಗಿಯ ಹೃದಯ ಎಷ್ಟು ಗಟ್ಟಿ’ ಎಂದು ಮನೆಯಲ್ಲೂ ಮೈದಾನದಲ್ಲೂ ಹೆಮ್ಮೆಪಡುವುದುಂಟು. ಅದು ಗಟ್ಟಿತನವೂ ಇರಬಹುದು, ಇಂಧನವಿಲ್ಲದೆ ದೇಹ ದೀಪ ಸಣ್ಣದು ಮಾಡಿಕೊಂಡದ್ದೂ ಇರಬಹುದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಊಟ ಕಡಿಮೆ ಮಾಡಿರುವ ಮಗುವಿನ ನಾಡಿ 50ಕ್ಕಿಂತ ಕೆಳಗಿದ್ದರೆ ಅದನ್ನು ತೀರ್ಮಾನಿಸಬೇಕಾದವರು ವೈದ್ಯರು.

ಮುಟ್ಟು ನಿಲ್ಲುವುದೂ ಹಾಗೆಯೇ. ಓಡುವ ಹುಡುಗಿಯರಿಗೆ ಇದೆಲ್ಲ ಸಹಜ ಎನ್ನುವ ಮಾತು ಮೈದಾನಗಳಲ್ಲಿ ಇನ್ನೂ ಓಡಾಡುತ್ತಿದೆ. ಸಹಜ ಅಲ್ಲ. ಬರುವ ಶಕ್ತಿ ಸಾಲದಾದಾಗ ದೇಹ ಜೀವ ಉಳಿಸುವ ಕೆಲಸಗಳನ್ನು ಇಟ್ಟುಕೊಂಡು ಉಳಿದದ್ದನ್ನು ಮುಂದೂಡುತ್ತದೆ. ಈಸ್ಟ್ರೋಜೆನ್ ಇಳಿಯುತ್ತದೆ, ಅದು ಇಳಿದರೆ ಮೂಳೆ ಸೊರಗುತ್ತದೆ. ಜೀವಮಾನಕ್ಕೆ ಬೇಕಾದ ಮೂಳೆಯ ಬಹುಪಾಲು ಕೂಡುವುದು ಹದಿನೆಂಟರ ಆಸುಪಾಸಿನೊಳಗೆ. ಈಗ ಕೂಡಬೇಕಾದದ್ದು ಕೂಡದಿದ್ದರೆ ಆಮೇಲೆ ಪೂರ್ತಿ ತುಂಬಿಕೊಳ್ಳುವುದು ಕಷ್ಟ. ಮೊಣಕಾಲಿನ ಕೆಳಗೆ, ಪಾದದಲ್ಲಿ ಕೂದಲೆಳೆಯಂಥ ಬಿರುಕುಗಳು ಬಂದು ಓಟವೇ ನಿಂತುಹೋದ ಮಕ್ಕಳಿದ್ದಾರೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಇದಕ್ಕೆ ‘ರೆಡ್-ಎಸ್’ ಎಂದು ಹೆಸರಿಟ್ಟರು. ಕ್ರೀಡೆ ಬೇಡುವಷ್ಟು ಶಕ್ತಿ ಊಟದಿಂದ ಸಿಗದೆ ಉಂಟಾಗುವ ಕೊರತೆ ಎಂದು ಅರ್ಥ. ಹುಡುಗರಿಗೂ ಇದು ಬರುತ್ತದೆ ಎಂದು ಅವರು ಸ್ಪಷ್ಟವಾಗಿ ಹೇಳಿದ್ದಾರೆ. ಹುಡುಗರಿಗೆ ಮುಟ್ಟಿನಂಥ ಗುರುತು ಇಲ್ಲದ್ದರಿಂದ ಮನೆಯವರಿಗೆ ತಡವಾಗಿ ತಿಳಿಯುತ್ತದೆ, ಅಷ್ಟೆ. ತೂಕದ ವಿಭಾಗಕ್ಕಾಗಿ ನೀರು ಬಿಡುವ ಕುಸ್ತಿಯ ಹುಡುಗ, ಹೊಟ್ಟೆಯ ಮೇಲೆ ಗೆರೆ ಮೂಡಿಸಬೇಕೆಂದು ಅನ್ನ ಬಿಟ್ಟು ಬರೀ ಮೊಟ್ಟೆಯ ಬಿಳಿ ತಿನ್ನುವ ಹುಡುಗ, ಇವರನ್ನೂ ಇದೇ ಸಾಲಿನಲ್ಲಿ ನೋಡಿ.

ಈಗ ಅಪ್ಪ ಅಮ್ಮ ಮಾಡಬೇಕಾದದ್ದು. ತಂದೆಯವರಿಗೆ ಮೊದಲು: ಸ್ವಾಮಿ, ಶಿಸ್ತಿಗೂ ಭಯಕ್ಕೂ ಪರೀಕ್ಷೆ ಸುಲಭ. ಶಿಸ್ತಿನ ಹುಡುಗಿ ಹಬ್ಬದ ದಿನ ಒಬ್ಬಟ್ಟು ತಿಂದು ಮರುದಿನ ಎಂದಿನಂತೆ ಓಡುತ್ತಾಳೆ. ಭಯದ ಹುಡುಗಿ ತಿಂದದ್ದಕ್ಕೆ ದಂಡ ಕಟ್ಟುತ್ತಾಳೆ. ವಿಶ್ರಾಂತಿಯ ದಿನ ಅವಳಿಂದ ಕೂರಲಾಗುವುದಿಲ್ಲ. ನೀವು ಅದನ್ನು ಹೊಗಳಿದಷ್ಟೂ ಅವಳಿಗೆ ಹಿಂದಕ್ಕೆ ಬರುವ ದಾರಿ ಮುಚ್ಚುತ್ತದೆ.

ಊಟದ ಹೊತ್ತಿನಲ್ಲಿ ಲೆಕ್ಕಕ್ಕೆ ಲೆಕ್ಕ ಕೊಟ್ಟು ವಾದಿಸಬೇಡಿ. ‘ಎಣ್ಣೆ ಹಾಕಿಲ್ಲ ತಿನ್ನು’ ಎಂದು ಸುಳ್ಳು ಹೇಳಿ ತಿನ್ನಿಸುವುದಂತೂ ಬೇಡವೇ ಬೇಡ. ಒಮ್ಮೆ ಸಿಕ್ಕಿಬಿದ್ದರೆ ನಿಮ್ಮ ಕೈಯಡುಗೆಯ ಮೇಲೂ ಅವಳಿಗೆ ನಂಬಿಕೆ ಹೋಗುತ್ತದೆ. ಗದರುವುದು, ಅಳುವುದು, ಆಣೆ ಹಾಕಿಸುವುದು ಯಾವುದೂ ಕೆಲಸ ಮಾಡುವುದಿಲ್ಲ. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ 1980ರ ದಶಕದಿಂದ ಬೆಳೆದುಬಂದ ಒಂದು ಚಿಕಿತ್ಸಾಕ್ರಮವಿದೆ. ಇಂಥ ಮಕ್ಕಳಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆಂದು ಈಗ ಬಹಳ ಕಡೆ ಒಪ್ಪಿದ್ದಾರೆ. ಅದರ ತಿರುಳು ನಮ್ಮ ಮನೆಗಳಿಗೆ ಹೊಸದೇನಲ್ಲ: ತಪ್ಪು ಯಾರದೆಂದು ಹುಡುಕಬೇಡಿ. ಎಷ್ಟು ಬಡಿಸಬೇಕು ಎಂಬ ನಿರ್ಧಾರವನ್ನು ಸದ್ಯಕ್ಕೆ ಮಗುವಿನ ತಲೆಯಿಂದ ಇಳಿಸಿ ಅಪ್ಪ ಅಮ್ಮ ಹೊತ್ತುಕೊಳ್ಳಿ. ಬಡಿಸಿ, ಪಕ್ಕದಲ್ಲಿ ಕೂತು ನೀವೂ ಉಣ್ಣಿ, ಮುಗಿಯುವ ತನಕ ಅಲ್ಲೇ ಇರಿ. ಭಯವಾಗುತ್ತೆ ಎಂದರೆ ‘ಗೊತ್ತು ಪುಟ್ಟಿ, ಆದರೂ ಇದನ್ನು ತಿನ್ನಬೇಕು, ನಾನಿಲ್ಲೇ ಕೂತಿರ್ತೀನಿ’ ಎಂದಷ್ಟೇ ಹೇಳಿ. ಅರ್ಧ ಗಂಟೆ ಹಿಡಿದರೂ ಸರಿ. ಮೇಲೆದ್ದ ತಕ್ಷಣ ಅವಳ ಮನಸ್ಸು ಆ ಊಟವನ್ನೇ ಕೆದಕುತ್ತಿರುತ್ತದೆ, ಆದ್ದರಿಂದ ಉಂಡಾದ ಮೇಲೆ ಚೌಕಾಬಾರವೋ, ತಮ್ಮನ ಜೊತೆ ಹರಟೆಯೋ ಏನಾದರೂ ಇರಲಿ.

ಊಟ ಮೂರು ಹೊತ್ತಲ್ಲ, ಐದಾರು ಹೊತ್ತು. ಬೆಳಿಗ್ಗೆ ಓಡುವ ಮುಂಚೆ ಬಾಳೆಹಣ್ಣು, ಬಂದ ಮೇಲೆ ತಿಂಡಿ ಮತ್ತು ಹಾಲು, ಬುತ್ತಿಯಲ್ಲಿ ಅನ್ನವೋ ಚಪಾತಿಯೋ ಕಾಳಿನ ಹುಳಿಯೊಂದಿಗೆ, ಸಂಜೆ ಬೇಯಿಸಿದ ಕಡಲೆಕಾಯಿ ಅಥವಾ ಅವಲಕ್ಕಿ, ರಾತ್ರಿ ಮುದ್ದೆ ಸಾರು ಮೊಸರನ್ನ, ಮಲಗುವ ಮುಂಚೆ ಒಂದು ಲೋಟ ಹಾಲು. ರಾಗಿಯಲ್ಲಿ ಸುಣ್ಣದಂಶ ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಇದೆ. ಮೂಳೆ ಕಟ್ಟುವ ವಯಸ್ಸಿನಲ್ಲಿ ಅದಕ್ಕಿಂತ ಅಗ್ಗದ ಔಷಧ ನನಗೆ ತಿಳಿಯದು. ದುಬಾರಿ ಪ್ರೋಟೀನ್ ಪುಡಿಯ ಡಬ್ಬ ತಂದಿಟ್ಟು ಸಮಾಧಾನ ಪಡಬೇಡಿ. ಒಟ್ಟು ಊಟ ಸಾಕಷ್ಟು ಇಲ್ಲದಿದ್ದರೆ ಹೆಚ್ಚಿನ ಪ್ರೋಟೀನ್, ವಿಟಮಿನ್‌ಗಳಿಂದ ಅಷ್ಟೇನೂ ಪ್ರಯೋಜನವಿಲ್ಲ ಎನ್ನುವುದೂ ಮಿನೆಸೋಟದಲ್ಲೇ ಕಂಡ ಮಾತು. ಹಾಗೆಂದು, ಬಹಳ ದಿನ ತೀರಾ ಕಡಿಮೆ ಉಂಡು ಸೊರಗಿದ ಮಗುವಿಗೆ ಒಮ್ಮೆಲೇ ಹೆಚ್ಚು ಉಣ್ಣಿಸುವುದು ಅಪಾಯ. ರಕ್ತದ ಲವಣಗಳು ಏರುಪೇರಾಗುತ್ತವೆ. ಆ ಹಂತದಲ್ಲಿ ವೈದ್ಯರ ಕಣ್ಣಮುಂದೆಯೇ ನಡೆಯಬೇಕು.

ಮನೆಯಲ್ಲಿ ಮೈಯ ಮಾತು ನಿಲ್ಲಲಿ. ‘ದಪ್ಪ ಆಗಿದ್ದೀಯ’ ಮಾತ್ರವಲ್ಲ, ‘ಈಗ ಚೆನ್ನಾಗಿ ಕಾಣ್ತೀಯ, ಮೈ ತುಂಬಿಕೊಂಡಿದೆ’ ಎನ್ನುವುದೂ ಅವಳ ಕಿವಿಯಲ್ಲಿ ‘ದಪ್ಪ ಆದೆ’ ಎಂದೇ ಕೇಳಿಸುತ್ತದೆ. ಮದುವೆ ಮನೆಗಳಲ್ಲಿ ನೆಂಟರ ಬಾಯಿ ಕಟ್ಟುವುದು ಕಷ್ಟ. ಕನಿಷ್ಠ ಮುಂಚಿತವಾಗಿ ಫೋನು ಮಾಡಿ ಹೇಳಿಡಿ. ತಾಯಂದಿರೇ, ನೀವು ಅವಳ ಮುಂದೆ ಸೊಂಟ ಹಿಡಿದು ‘ನಾನಿವತ್ತು ರಾತ್ರಿ ಊಟ ಬಿಡ್ತೀನಿ’ ಎನ್ನುವುದನ್ನೂ ನಿಲ್ಲಿಸಿ. ತೂಕದ ಯಂತ್ರ ಮನೆಯಲ್ಲಿದ್ದರೆ ಯಾರಿಗಾದರೂ ಕೊಟ್ಟುಬಿಡಿ. ಫೋನಿನ ಲೆಕ್ಕವನ್ನು ಕಸಿದುಕೊಳ್ಳುವುದಕ್ಕಿಂತ ಅವಳ ಜೊತೆ ಕೂತು, ಅವಳ ಕೈಯಿಂದಲೇ ಅಳಿಸಲು ಆದರೆ ಒಳ್ಳೆಯದು.

ಪಿ.ಟಿ. ಮೇಷ್ಟ್ರಿಗೂ ತರಬೇತುದಾರರಿಗೂ ಒಂದು ಮಾತು. ಎರಡು ಕಿಲೊ ಇಳಿದರೆ ಒಂದೆರಡು ತಿಂಗಳು ವೇಗ ಸ್ವಲ್ಪ ಸುಧಾರಿಸಿದಂತೆ ಕಾಣಬಹುದು. ಆಮೇಲೆ ಬರುವುದು ಆಯಾಸ, ಮತ್ತೆ ಮತ್ತೆ ನೆಗಡಿ ಜ್ವರ, ಕಾಲುನೋವು. ಗುಂಪಿನೆದುರು ಮಕ್ಕಳ ತೂಕ ನೋಡಬೇಡಿ. ಊಟದ ತೊಂದರೆ ಇರುವ ಹುಡುಗಿಗೆ ವೈದ್ಯರು ಒಪ್ಪುವ ತನಕ ಓಟ ನಿಲ್ಲಿಸುವುದೇ ಸರಿ. ಆದರೆ ಮೈದಾನದಿಂದ ಓಡಿಸಬೇಡಿ. ಗೆಳತಿಯರೂ ನಾಳೆಯ ಆಸೆಯೂ ಇರುವುದು ಅಲ್ಲಿಯೇ. ಸ್ಟಾಪ್‌ವಾಚ್ ಹಿಡಿಯಲಿ, ಚಿಕ್ಕ ಮಕ್ಕಳಿಗೆ ಬ್ಯಾಟನ್ ಬದಲಾಯಿಸುವುದು ಕಲಿಸಲಿ.

ವೈದ್ಯರಲ್ಲಿಗೆ ಹೋಗಲು ಎಲುಬು ಕಾಣುವ ತನಕ ಕಾಯಬೇಡಿ. ತೆಳ್ಳಗೆ ಕಾಣದ ಮಕ್ಕಳಿಗೂ ಈ ತೊಂದರೆ ಇರುತ್ತದೆ. ಮೂರು ತಿಂಗಳು ಮುಟ್ಟು ಬರದಿದ್ದರೆ, ತೂಕ ಇಳಿಯುತ್ತಲೇ ಇದ್ದರೆ, ಕೂದಲು ಉದುರಿ ಕೈಕಾಲು ಸದಾ ತಣ್ಣಗಿದ್ದರೆ, ಉಂಡ ಕೂಡಲೇ ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದರೆ ಈ ವಾರವೇ ಹೋಗಿ. ತಲೆಸುತ್ತಿ ಬಿದ್ದರೆ, ಎದೆ ಡವಗುಟ್ಟಿದರೆ, ನೀರನ್ನೂ ಬಿಟ್ಟರೆ ಅಂದೇ ಹೋಗಿ. ‘ಬದುಕಿ ಏನು ಪ್ರಯೋಜನ’ ಎಂಬಂಥ ಮಾತು ಬಂದರೂ ಹಾಗೆಯೇ. ಆಗ ಅವಳನ್ನು ಒಬ್ಬಳೇ ಬಿಡಬೇಡಿ. ಮಕ್ಕಳ ವೈದ್ಯರು ಅಥವಾ ನಿಮ್ಮ ಕುಟುಂಬದ ವೈದ್ಯರಿಂದ ಆರಂಭಿಸಬಹುದು. ಅವರು ನಾಡಿ, ರಕ್ತದೊತ್ತಡ, ರಕ್ತಪರೀಕ್ಷೆ, ಬೇಕಾದರೆ ಇಸಿಜಿ ನೋಡುತ್ತಾರೆ. ಮನೋವೈದ್ಯರನ್ನು ಕಾಣಲು ಹೇಳಿದರೆ ಅಳುಕಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಅಲ್ಲಿಗೆ ಮಕ್ಕಳೇ ನೇರವಾಗಿ ಕರೆ ಮಾಡಿದರೂ ಆದೀತು.

ಮೊದಲ ಸಲ ವೈದ್ಯರ ಬಳಿಗೆ ಹೋಗುವಾಗ ತಂದೆ ತಾಯಿ ಇಬ್ಬರೂ ಜೊತೆಗಿರಿ. ಕೊನೆಯ ಮುಟ್ಟಿನ ತಾರೀಖನ್ನು, ಹೋದ ವರ್ಷ ಶಾಲೆಯ ಆರೋಗ್ಯ ತಪಾಸಣೆಯಲ್ಲಿ ಬರೆದ ಎತ್ತರ ತೂಕವನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಬೆಳಗಿನ ಹೊತ್ತಿನ ಭೇಟಿಯಾದರೆ ಖಾಲಿ ಹೊಟ್ಟೆಯಲ್ಲಿ ಬರಬೇಕೇ ಎಂದು ಮೊದಲೇ ಕೇಳಿಕೊಳ್ಳಿ. ಬೇಡ ಎಂದರೆ ತಿಂಡಿ ತಿನ್ನಿಸಿಕೊಂಡೇ ಹೊರಡಿ.